ಮಿಕ್ಸರಿನ ಪರದೆಯಲ್ಲಿ ನಮ್ಮಕ್ಕ

ನಮ್ಮ ಭಾವನಿಗೆ ಇರುವ ದುರಭ್ಯಾಸ ಒಂದೇ. ನಾಲ್ಕು ಜನ ಸೇರಿದ ಕಡೆ ಯಾರಾದರೂ "ಇದು ಯಾರಿಗಾದ್ರೂ ಗೊತ್ತಾ?" ಎಂದು ಕೇಳಿದರೆ ಸಾಕು, ಅವರ ಬಲಗೈ ತಾನಾಗಿಯೇ ಮೇಲೇಳುತ್ತದೆ. ಗೊತ್ತಿದೆಯೋ ಇಲ್ಲವೋ ಎಂದು ತಲೆಯನ್ನು ಒಂದು ಮಾತು ಕೇಳುವ ಪದ್ಧತಿ ಆ ಕೈಗೆ ಇಲ್ಲ. ಹೀಗೆ ಕೈ ಎತ್ತಿಯೇ ಅವರು ಒಮ್ಮೆ ನಮ್ಮ ಕಟ್ಟಡದ ಲಿಫ್ಟ್ ರಿಪೇರಿ ಮಾಡಿದರು. ಒಳಗಿದ್ದ ಮೂವರು ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರನ್ನೊಬ್ಬರು ಚೆನ್ನಾಗಿ ಪರಿಚಯ ಮಾಡಿಕೊಂಡರು. ಕುಡಿತ ಬಿಡಿಸುವ ವೈದ್ಯರಿದ್ದಾರೆ, ಕೈ ಇಳಿಸುವ ವೈದ್ಯರು ಇನ್ನೂ ಹುಟ್ಟಿಲ್ಲ.

ಭಾವ ಸೋಪಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ನಾನು ಅಲ್ಲೇ ಸ್ಟೋರ್ ಕೀಪರ್. ಅವರನ್ನು ಹತ್ತೊಂಬತ್ತು ವರ್ಷದಿಂದ ಸಂಭಾಳಿಸಿಕೊಂಡು ಬಂದಿರುವುದು ನನ್ನ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಕಾರ್ಖಾನೆಯ ಕಡೆ ಒಮ್ಮೆಯೂ ಬಂದವಳಲ್ಲ. ಅಕ್ಕನ ಮಾತು ಕಡಿಮೆ. ಆದರೆ ಅವಳ ಮುಖ ಮಾತ್ರ ದಿನವಿಡೀ ಸುದ್ದಿ ಹೇಳುತ್ತಲೇ ಇರುತ್ತದೆ. ಭಾವ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲು ಆ ಮುಖ ನೋಡುತ್ತಾರೆ, ಆಮೇಲೆ ಚಪ್ಪಲಿ ಬಿಡುವುದೋ ಇನ್ನೊಂದು ಸುತ್ತು ಹೊಡೆದು ಬರುವುದೋ ನಿರ್ಧರಿಸುತ್ತಾರೆ.

ಈಗ ಕಾರ್ಖಾನೆಯ ದೊಡ್ಡಣ್ಣನ ವಿಷಯ, ಹೆಸರು ಹಾಗೆ, ನಮಗೆ ನೆಂಟನಲ್ಲ. ಸೋಪು ಕಲಸುವ ದೊಡ್ಡ ಮಿಕ್ಸರನ್ನು ಮೂವತ್ತೊಂದು ವರ್ಷದಿಂದ ನಡೆಸುತ್ತಿದ್ದವನು ಅವನೇ. ಹಳೆಯ ಮಿಕ್ಸರಿಗೆ ನಾಲ್ಕು ಬಲ್ಬು, ಒಂದು ಗಂಟೆ, ಇಷ್ಟೇ ಇದ್ದದ್ದು. ಹೊಸದು ಬಂದಾಗ ಅದರ ಜೊತೆಗೆ ಒಂದು ಪರದೆಯೂ ಬಂತು. ಮಿಕ್ಸರು ಹೇಳಬೇಕಾದದ್ದನ್ನೆಲ್ಲ ಆ ಪರದೆ ಸಣ್ಣ ಅಕ್ಷರದಲ್ಲಿ ಸಾಲುಸಾಲಾಗಿ ಬರೆದು ತೋರಿಸುತ್ತಿತ್ತು. ದೊಡ್ಡಣ್ಣನಿಗೆ ಓದು ಬರದು. ಹೆಡ್ ಆಫೀಸಿನಿಂದ ಅಧಿಕಾರಿ ಬಂದು ಪರೀಕ್ಷೆ ಮಾಡುತ್ತಾರೆ, ಪರದೆ ನೋಡಿ ಕೆಲಸ ಮಾಡಲು ಬಾರದವರನ್ನು ಮಿಕ್ಸರಿನಿಂದ ತೆಗೆಯುತ್ತಾರೆ ಎಂದು ಸುತ್ತೋಲೆ ಬಂತು. ನಿವೃತ್ತಿಗೆ ಇನ್ನೂ ಎರಡು ವರ್ಷ ಇದ್ದ ಅವನಿಗೆ ಮಿಕ್ಸರ್ ತಪ್ಪಿದರೆ ಬೇರೆ ಕೆಲಸ ಇರಲಿಲ್ಲ. ಸುತ್ತೋಲೆಯನ್ನು ಅವನಿಗೆ ಓದಿ ಹೇಳಿದವನು ನಾನೇ. ಆ ಕೆಲಸ ನನಗೆ ಇಷ್ಟವಾಗಲಿಲ್ಲ.

ಮ್ಯಾನೇಜರು ಒಳ್ಳೆಯ ಮನುಷ್ಯ. ಎಲ್ಲರನ್ನೂ ಸೇರಿಸಿ ಹೇಳಿದರು: "ಅಕ್ಷರದ ಬದಲು ಪರದೆ ಮೇಲೆ ಚಿತ್ರ ಬರೋ ಹಾಗೆ ಮಾಡಬಹುದಂತೆ. ಇಮೇಜ್ ಫೀಲ್ಡ್ ಅಂತಾರೆ. ಪ್ಯಾನೆಲ್ ಹಾಕಿಕೊಟ್ಟ ಇಂಜಿನಿಯರ್ ಕೆಲಸ ಬಿಟ್ಟು ಹೋಗಿದಾನೆ. ಇದು ಯಾರಿಗಾದ್ರೂ ಗೊತ್ತಾ?"

ನಾನು ಭಾವನ ಬಲಗೈಯನ್ನು ಹಿಡಿದುಕೊಂಡೆ. ಅವರು ಎಡಗೈ ಎತ್ತಿದರು.

"ನಾನು ಟ್ರೇನಿಂಗ್ ಮಾಡಿದೀನಿ ಸರ್," ಎಂದರು. ಅದು ಸುಳ್ಳಲ್ಲ. ಎರಡು ದಿನದ ಆ ತರಬೇತಿಗೆ ನಾನೂ ಹೋಗಿದ್ದೆ. ಊಟ ಬಹಳ ಚೆನ್ನಾಗಿತ್ತು, ಊಟದ ನಂತರದ ಪಾಠದ ಹೊತ್ತಿಗೆ ಭಾವ ಗಾಢವಾದ ನಿದ್ದೆಯಲ್ಲಿದ್ದರು.

ಆ ಭಾನುವಾರ ಇಡೀ ದಿನ ನಾವಿಬ್ಬರೂ ಸ್ಟೋರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತೆವು. ಕೆಲಸ ಹೇಳಿಕೊಳ್ಳುವಷ್ಟು ಕಷ್ಟದ್ದಲ್ಲ. ಪರದೆಯ ಮೇಲೆ ಒಂದು ಚೌಕ ಎಳೆಯಬೇಕು. ಆ ಚೌಕಕ್ಕೆ ಮಿಕ್ಸರಿನಿಂದ ಬರುವ ಸಂಖ್ಯೆಯನ್ನು ಜೋಡಿಸಬೇಕು. ಸೊನ್ನೆ ಎಂದರೆ ಮಿಕ್ಸರ್ ನಿಂತಿದೆ, ಒಂದು ಎಂದರೆ ಓಡುತ್ತಿದೆ, ಎರಡು ಎಂದರೆ ಎಣ್ಣೆಗೆ ಕಾಯುತ್ತಿದೆ, ಮೂರು ಎಂದರೆ ಏನೋ ಕೆಟ್ಟಿದೆ. ಯಾವ ಸಂಖ್ಯೆಗೆ ಯಾವ ಚಿತ್ರ ಎಂದು ಒಂದು ಪಟ್ಟಿ ಮಾಡಿಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಸಾಫ್ಟ್‌ವೇರ್ ಜೊತೆಗೆ ಬಂದ ಚಿತ್ರಗಳೂ ಇದ್ದವು. ನಾಲ್ಕು ಬೂದು ಬಣ್ಣದ ಡ್ರಮ್ಮುಗಳು, ಮೂಲೆಯಲ್ಲಿ ಸಾಸಿವೆಯಷ್ಟು ಗುರುತು. ದೊಡ್ಡಣ್ಣನನ್ನು ಕರೆದು ತೋರಿಸಿದೆವು.

ಅವನು ತುಂಬಾ ಹೊತ್ತು ನೋಡಿದ. "ನಾಲ್ಕು ಡ್ರಮ್ ಇದಾವೆ," ಎಂದ.

"ಏನು ವ್ಯತ್ಯಾಸ ಹೇಳು," ಎಂದರು ಭಾವ.

"ಎರಡು ಈ ಕಡೆ ಇದಾವೆ, ಎರಡು ಆ ಕಡೆ."

ಅವನು ಹೋದ ಮೇಲೆ ಭಾವ ಜೇಬಿನಿಂದ ಫೋನು ತೆಗೆದರು. "ಸದ್ಯಕ್ಕೆ ಪರೀಕ್ಷೆಗೆ ಅಂತ ಯಾವುದಾದ್ರೂ ನಾಲ್ಕು ಫೋಟೋ ಹಾಕಿ ನೋಡೋಣ. ಆಮೇಲೆ ಬದಲಾಯಿಸಿದ್ರಾಯ್ತು," ಎಂದರು. ಅವರ ಫೋನಿನಲ್ಲಿ ಇದ್ದದ್ದು ಸ್ವಿಚ್ ಬೋರ್ಡುಗಳ ಫೋಟೋ ಮತ್ತು ನಮ್ಮ ಅಕ್ಕನ ಫೋಟೋ. ಅಕ್ಕನಿಗೆ ಫೋಟೋ ಎಂದರೆ ಆಗದು, ಆದ್ದರಿಂದ ಎಲ್ಲವೂ ಕದ್ದು ತೆಗೆದವು. ಕುರ್ಚಿಯಲ್ಲೇ ತೂಕಡಿಸುತ್ತಿರುವ ಅಕ್ಕ ಸೊನ್ನೆಗೆ ಹೋದಳು. ಹಲ್ಲು ಕಾಣುವ ಹಾಗೆ ನಗುತ್ತಿರುವ ಅಕ್ಕ ಒಂದಕ್ಕೆ. ಕೆನ್ನೆಗೆ ಕೈ ಕೊಟ್ಟು ಬಾಗಿಲ ಕಡೆ ನೋಡುತ್ತಿರುವ ಅಕ್ಕ ಎರಡಕ್ಕೆ. ಮೂರಕ್ಕೆ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ನೇರ ಕ್ಯಾಮೆರಾವನ್ನೇ ನೋಡುತ್ತಿರುವ ಅಕ್ಕ. ಆ ಫೋಟೋ ತೆಗೆಯಲು ಭಾವನಿಗೆ ಎಲ್ಲಿಂದ ಧೈರ್ಯ ಬಂತೋ ನಾನರಿಯೆ.

ಮೊದಲ ಸಲ ಚೌಕಕ್ಕೆ ತಕ್ಕ ಹಾಗೆ ಎಳೆಯಲು ಹೋಗಿ ಅಕ್ಕನ ಮುಖ ಎರಡರಷ್ಟು ಅಗಲವಾಯಿತು. ಅದನ್ನು ಸರಿಪಡಿಸಿದರೆ, ಭಾವ ಪಟ್ಟಿಯನ್ನು ಸೊನ್ನೆಯಿಂದ ಶುರುಮಾಡದೆ ಒಂದರಿಂದ ಶುರುಮಾಡಿದ್ದರಿಂದ ಎಲ್ಲವೂ ಒಂದೊಂದು ಮನೆ ಮುಂದೆ ಹೋಗಿ ಕುಳಿತಿದ್ದವು. ಮಿಕ್ಸರ್ ಭರ್ರೆಂದು ತಿರುಗುತ್ತಿದ್ದರೆ ಅಕ್ಕ ಮಲಗಿರುತ್ತಿದ್ದಳು. ಮಿಕ್ಸರ್ ಕೆಟ್ಟು ಕುಳಿತರೆ ಬಾಗಿಲ ಕಡೆ ನೋಡುತ್ತಿದ್ದಳು. "ಮನೆಯಲ್ಲೂ ಹೀಗೇ ಒಂದೊಂದ್ಸಲ ಲೆಕ್ಕ ತಪ್ಪುತ್ತೆ," ಎನ್ನುತ್ತಾ ಭಾವ ಅದನ್ನೂ ಸರಿಮಾಡಿದರು. ಸಂಜೆಯ ಹೊತ್ತಿಗೆ ಎಲ್ಲ ಸರಿಯಾಯಿತು. ನಿಜವಾದ ಚಿತ್ರಗಳನ್ನು ಸೋಮವಾರ ಊಟದ ಬಿಡುವಿನಲ್ಲಿ ಹಾಕುವುದೆಂದು ತೀರ್ಮಾನಿಸಿ ಮನೆಗೆ ಹೋದೆವು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸೋಮವಾರ ಬೆಳಿಗ್ಗೆ ನಾವು ಬರುವಷ್ಟರಲ್ಲಿ ದೊಡ್ಡಣ್ಣ ಆ ಪರದೆ ನೋಡಿಕೊಂಡು ಎರಡು ಬಾರಿ ಸೋಪು ಕಲಸಿ ಇಳಿಸಿದ್ದ.

"ಎಷ್ಟು ಚೆನ್ನಾಗಿ ಮಾಡಿದೀಯಪ್ಪಾ," ಎಂದ ಅವನು. "ಈಯಮ್ಮ ಬಾಗಿಲ ಕಡೆ ನೋಡಿದ್ರೆ ಎಣ್ಣೆ ಬಿಡ್ತೀನಿ. ಮುಖ ಗಂಟು ಹಾಕಿದ್ರೆ ಕೆಂಪು ಗುಂಡಿ ಒತ್ತಿ ದೂರ ನಿಂತ್ಕೋತೀನಿ. ಇದಕ್ಕೆ ಓದು ಯಾಕೆ ಬೇಕು, ಮದುವೆ ಆಗಿದ್ರೆ ಸಾಕು."

ಮ್ಯಾನೇಜರು ಬಂದು ನೋಡಿದರು. "ಯಾರ್ರೀ ಇವರು?"

ಆಗ ನಿಜ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭಾವ ಕಾರ್ಖಾನೆಯ ಛಾವಣಿ ನೋಡುತ್ತಾ, "ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಬಂದ ಫೋಟೋ ಸರ್. ಯಾರೋ ಮಾಡೆಲ್ ಇರಬೇಕು," ಎಂದರು.

"ನಗು ಬಹಳ ಚೆನ್ನಾಗಿದೆ. ಇದನ್ನೇ ಇಟ್ಟುಬಿಡಿ," ಎಂದು ಮ್ಯಾನೇಜರು ಹೊರಟುಹೋದರು. ಭಾವ ಕೆಂಪಗಾದರು. ಸಂತೋಷಕ್ಕೋ ಹೆದರಿಕೆಗೋ ಹೇಳುವುದು ಕಷ್ಟ. ಅಕ್ಕನಿಗೆ ಹೇಳಕೂಡದೆಂದು ನನ್ನಿಂದ ಸ್ಟೋರಿನ ಕೀಲಿಕೈ ಮೇಲೆ ಆಣೆ ಹಾಕಿಸಿಕೊಂಡರು.

ಒಂದು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಪ್ಯಾಕಿಂಗ್ ವಿಭಾಗದವರು ಕೂಡ ಹೋಗುತ್ತಾ ಬರುತ್ತಾ ಪರದೆ ನೋಡಿ ನಮ್ಮ ಅಕ್ಕನ ಭಾಷೆ ಕಲಿತರು. "ಇವತ್ತು ನಮ್ಮ ಸೂಪರ್ವೈಸರು ಮೂರು," "ಸಂಬಳದ ದಿನ ನಾನು ಒಂದು" ಎಂಬಂಥ ಮಾತುಗಳು ಕ್ಯಾಂಟೀನಿನಲ್ಲಿ ಕೇಳಿಬಂದವು. ಗೇಟಿನ ಸೆಕ್ಯುರಿಟಿಯವನು ಮಾತ್ರ ಇದನ್ನು ಮನೆಗೂ ತೆಗೆದುಕೊಂಡು ಹೋದ. ಅವನ ಹೆಂಡತಿ ಅದನ್ನು ನಮ್ಮ ಅಕ್ಕನ ಹೊಲಿಗೆ ಅಂಗಡಿಗೆ ತಂದಳು.

"ನಾನು ಹೇಳಬಾರದು, ಆದ್ರೂ ಹೇಳ್ತೀನಿ," ಎಂದು ಶುರುಮಾಡಿದಳಂತೆ. ಹೀಗೆ ಶುರುವಾಗುವ ಮಾತನ್ನು ಹೇಳದೆ ಬಿಟ್ಟವರು ಇದುವರೆಗೆ ಯಾರೂ ಇಲ್ಲ. "ನಿಮ್ಮ ಯಜಮಾನರು ಮಿಕ್ಸರ್ ಮೇಲೆ ಯಾವಳೋ ಮಾಡೆಲ್ ಫೋಟೋ ಹಾಕಿದಾರಂತೆ. ಒಂದಲ್ಲ, ನಾಲ್ಕು. ಒಂದರಲ್ಲಿ ಮಲಗಿದಾಳಂತೆ. ದಿನಾ ಬೆಳಿಗ್ಗೆ ಬಟ್ಟೆ ತಗೊಂಡು ಅವಳ ಮುಖ ಅವರೇ ಒರೆಸ್ತಾರಂತೆ."

ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ. ಆದರೆ ಆ ದಿನ ಹೊಲಿದ ಅಂಗಿಗೆ ಮೂರು ತೋಳು ಬಂದಿತ್ತು.

ಸಂಜೆ ಭಾವ ಮನೆಗೆ ಬಂದರು, ಬಾಗಿಲಲ್ಲಿ ಮುಖ ನೋಡಿದರು, ಸುತ್ತು ಹೊಡೆಯಲು ಹೊರಟರು. ಮೂರು ಸುತ್ತಾದರೂ ಮುಖ ಬದಲಾಗಲಿಲ್ಲ. ಕೊನೆಗೆ ಒಳಗೆ ಹೋಗಿ ಅಭ್ಯಾಸದಂತೆ ತಮಗೆ ನೆನಪಿದ್ದ ತಪ್ಪುಗಳನ್ನೆಲ್ಲ ಒಪ್ಪಿಕೊಂಡರು: ಒಡೆದ ಲೋಟ, ಮರೆತ ಗ್ಯಾಸ್ ಬುಕಿಂಗ್, ಅಕ್ಕನ ಕತ್ತರಿಯಿಂದ ವೈರ್ ಕತ್ತರಿಸಿದ್ದು. ಅಕ್ಕ ಎಲ್ಲವನ್ನೂ ಕೇಳಿ, "ಇಷ್ಟೇನಾ?" ಎಂದಳು. ಭಾವ ಮುಂದಿನ ತಿಂಗಳ ತಪ್ಪುಗಳನ್ನೂ ಮುಂಗಡವಾಗಿ ಒಪ್ಪಿಕೊಂಡರು.

ಮಾರನೆಯ ದಿನ ಅಕ್ಕ ನನಗೆ ಫೋನು ಮಾಡಿದಳು. "ನಿಮ್ಮ ಫ್ಯಾಕ್ಟರೀಲಿ ಯಾರದ್ದಾದ್ರೂ ಫೋಟೋ ಇದೆಯಾ?"

"ಇಲ್ಲವಲ್ಲ. ಮಿಕ್ಸರ್ ಮೇಲಂತೂ ಇಲ್ಲವೇ ಇಲ್ಲ," ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಬುದ್ಧಿ ನನ್ನದು. ಮಿಕ್ಸರಿನ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿಸಿತು.

ಅಧಿಕಾರಿ ಬಂದದ್ದು ಗುರುವಾರ. ತೆಳ್ಳನೆಯ ಮನುಷ್ಯ, ಕೈಯಲ್ಲಿ ಒಂದು ಪುಟ್ಟ ಪುಸ್ತಕ. ನಗುವುದು ತಮ್ಮ ಹುದ್ದೆಯ ಕರ್ತವ್ಯಗಳಲ್ಲಿ ಸೇರಿಲ್ಲವೆಂದು ಅವರು ಓದಿ ತಿಳಿದಂತಿತ್ತು. ಪರೀಕ್ಷೆಯ ನಿಯಮ ಸರಳವಾಗಿತ್ತು. ಅವರು ತಮ್ಮ ಕಂಪ್ಯೂಟರಿನಿಂದ ಮಿಕ್ಸರಿನ ಸಂಖ್ಯೆಯನ್ನು ಹತ್ತು ಸಲ ಬದಲಾಯಿಸುತ್ತಾರೆ. ದೊಡ್ಡಣ್ಣ ಹತ್ತು ಸಲವೂ ಸರಿಯಾದದ್ದನ್ನು ಮಾಡಬೇಕು. ಒಂದು ತಪ್ಪಿದರೂ ಮಿಕ್ಸರಿಗೆ ಬೇರೆಯವರು. ದೊಡ್ಡಣ್ಣ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಅವನನ್ನು ಹೆಚ್ಚು ಹೊತ್ತು ನೋಡಲಾರದೆ ಸ್ಟೋರಿಗೆ ಬಂದು ಕುಳಿತೆ.

ಅದೇ ಹೊತ್ತಿಗೆ, ಆಮೇಲೆ ನಾನು ಕೇಳಿದಂತೆ, ಅಕ್ಕ ಗೇಟಿಗೆ ಬಂದಳು. ಕೈಯಲ್ಲಿ ಭಾವನ ಊಟದ ಡಬ್ಬಿ ಇತ್ತು. ಭಾವ ಅದನ್ನು ಮರೆತಿರಲಿಲ್ಲ, ಅವಳೇ ಕೊಟ್ಟಿರಲಿಲ್ಲ. ಸೆಕ್ಯುರಿಟಿಯವನು ರಿಜಿಸ್ಟರ್ ಮುಂದೆ ತಳ್ಳಿ, "ಯಾರನ್ನ ನೋಡ್ಬೇಕು?" ಎನ್ನುತ್ತಾ ತಲೆಯೆತ್ತಿದ. ಎತ್ತಿದವನು ಎದ್ದು ನಿಂತ. ರಿಜಿಸ್ಟರನ್ನು ಮರೆತು ಗೇಟನ್ನು ಪೂರ್ತಿ ತೆಗೆದ, ಲಾರಿ ಬಂದರೆ ತೆಗೆಯುವಷ್ಟು.

ಅಕ್ಕ ಪ್ಯಾಕಿಂಗ್ ವಿಭಾಗದ ಮುಂದೆ ನಡೆದುಬಂದಳು. ಅಲ್ಲಿ ಮಾತು ನಿಂತಿತು. "ಮೂರು," ಎಂದು ಒಬ್ಬಳು ಪಿಸುಗುಟ್ಟಿದಳು. "ಮೂರು ಬರ್ತಾ ಇದೆ," ಎಂದು ಇನ್ನೊಬ್ಬ ದಾರಿ ಬಿಟ್ಟ. ಅಭ್ಯಾಸ ಎಂಥದ್ದು ನೋಡಿ, ಡಬ್ಬ ಮುಚ್ಚುವ ಯಂತ್ರದವನು ಯಾರೂ ಹೇಳದೆಯೇ ತನ್ನ ಯಂತ್ರ ನಿಲ್ಲಿಸಿ ದೂರ ಸರಿದ. ಯಂತ್ರ ನಿಂತ ಸದ್ದಿಗೆ ನಾನು ಸ್ಟೋರಿನಿಂದ ಹೊರಗೆ ಇಣುಕಿದೆ. ಅಕ್ಕನನ್ನು ಕಂಡು ಓಡಿದೆ. ಅವಳು ಆಗಲೇ ಮಿಕ್ಸರಿನ ಕೋಣೆಯ ಬಾಗಿಲು ದಾಟಿದ್ದಳು.

ಒಳಗೆ ಒಂಬತ್ತು ಪ್ರಶ್ನೆ ಮುಗಿದಿದ್ದವು. ಒಂಬತ್ತೂ ಸರಿ. ಮ್ಯಾನೇಜರು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದರು. ಅಧಿಕಾರಿ ಹತ್ತನೆಯದಾಗಿ ಒಂದು ಎಂಬ ಸಂಖ್ಯೆ ಕಳಿಸಿದರು. ಪರದೆಯಲ್ಲಿ ಅಕ್ಕ ನಕ್ಕಳು. ಇದಕ್ಕೆ ದೊಡ್ಡಣ್ಣ ಮಾಡಬೇಕಾದದ್ದು ಏನೂ ಇಲ್ಲ, ಕೈಕಟ್ಟಿ ಸುಮ್ಮನೆ ನಿಂತರೆ ಗೆದ್ದಂತೆ. ಅವನು ಕೈಕಟ್ಟಲು ಹೊರಟ. ಅಷ್ಟರಲ್ಲಿ ಪರದೆಯ ಪಕ್ಕದಲ್ಲಿ, ಆಳೆತ್ತರ, ಸೊಂಟಕ್ಕೆ ಒಂದು ಕೈ ಕೊಟ್ಟು ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಹುಬ್ಬು ಗಂಟಿಕ್ಕಿದ ಅಕ್ಕ ಬಂದು ನಿಂತಳು.

ದೊಡ್ಡಣ್ಣ ಪರದೆ ನೋಡಿದ. ಅಕ್ಕನನ್ನು ನೋಡಿದ. ಕೆಂಪು ಗುಂಡಿ ಒತ್ತಿ ದೂರ ನಿಂತುಕೊಂಡ.

ಮಿಕ್ಸರ್ ಗೊರಗೊರ ಸದ್ದು ಮಾಡಿ ನಿಂತಿತು. ಅಧಿಕಾರಿ ಪುಸ್ತಕ ತೆರೆದರು. "ಒಂಬತ್ತು ಸರಿ, ಒಂದು ತಪ್ಪು," ಎಂದು ಬರೆದುಕೊಂಡರು. ದೊಡ್ಡಣ್ಣ ಕತ್ತಿನಲ್ಲಿದ್ದ ಟವೆಲ್ ತೆಗೆದು ಮಿಕ್ಸರಿನ ಮುಚ್ಚಳವನ್ನು ಒಮ್ಮೆ ಒರೆಸಿದ.

ಅಕ್ಕ ಇದು ಯಾವುದನ್ನೂ ನೋಡಿರಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು. ಮಿಕ್ಸರ್ ನಿಂತಿತಲ್ಲ, ಚಿತ್ರ ಬದಲಾಗಿ ಅವಳು ಅಲ್ಲಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ತನ್ನದೇ ಕುರ್ಚಿ, ತನ್ನದೇ ಹೊಲಿಗೆ ಯಂತ್ರ, ತನ್ನದೇ ಅರ್ಧ ತೆರೆದ ಬಾಯಿ.

"ಇದು ನಾನು," ಎಂದಳು.

"ಇವರು ಲೈಬ್ರರಿಯವರು," ಎಂದರು ಮ್ಯಾನೇಜರು, ತಡವರಿಸುತ್ತಾ.

ಅಧಿಕಾರಿ ಭಾವನ ಕಡೆ ತಿರುಗಿದರು. "ಯಾವ ಲೈಬ್ರರಿ?"

"ನಮ್ಮ ಮನೆ, ಸರ್," ಎಂದರು ಭಾವ.

ಅಲ್ಲಿಂದ ಮುಂದೆ ಎಲ್ಲವೂ ಹೊರಬಂತು. ಭಾವ ತಡೆದು ತಡೆದು ಹೇಳಿದರು, ನಾನು ನಡುನಡುವೆ ತಿದ್ದಿದೆ. ಓದು ಬಾರದ ದೊಡ್ಡಣ್ಣ, ಒಂದೇ ತರದ ಡ್ರಮ್ಮುಗಳು, ಭಾನುವಾರದ ಫೋನು, ಈಗಷ್ಟೇ ಒತ್ತಿದ ಕೆಂಪು ಗುಂಡಿ. ಅಕ್ಕ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಇದ್ದದ್ದು ಒಂದೂ ಅಲ್ಲ, ಎರಡೂ ಅಲ್ಲ, ಪಟ್ಟಿಯಲ್ಲಿ ಇಲ್ಲದ ಇನ್ಯಾವುದೋ ಸಂಖ್ಯೆ. ಆಮೇಲೆ ಮತ್ತೆ ಹುಬ್ಬು ಗಂಟಿಕ್ಕಿ ಅವಳು ಮಾತಾಡಿದ್ದು ಭಾವನ ಹತ್ತಿರ ಅಲ್ಲ, ಅಧಿಕಾರಿಯ ಹತ್ತಿರ.

"ಈ ದೊಡ್ಡಣ್ಣನವರಿಗೆ ಏನು ಕಲಿಸಿದಾರೆ? ಈ ಮುಖ ಹೀಗಿದ್ರೆ ನಿಲ್ಲಿಸು ಅಂತ ತಾನೆ?"

"ಹೌದು, ಆದ್ರೆ ಪರದೆಯಲ್ಲಿ..."

"ಮುಖ ಹೀಗಿತ್ತೋ ಇಲ್ವೋ?"

ಅಧಿಕಾರಿ ಆ ಮುಖವನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಹೋದರು. "ಇತ್ತು," ಎಂದರು.

"ಅವರು ನಿಲ್ಲಿಸಿದ್ರು. ತಪ್ಪು ಎಲ್ಲಿ ಬಂತು?"

ಅಧಿಕಾರಿ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಅವರ ನಿಯಮಾವಳಿಯಲ್ಲಿ ಚಿತ್ರವೇ ನಡೆದುಕೊಂಡು ಪರೀಕ್ಷೆಯ ಕೋಣೆಗೆ ಬರುವ ಸಂದರ್ಭಕ್ಕೆ ವಿಧಿ ಇರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಬರೆದದ್ದನ್ನು ಹೊಡೆದುಹಾಕಿ ಹತ್ತೂ ಸರಿ ಎಂದು ಬರೆದರು. ದೊಡ್ಡಣ್ಣ ಉಸಿರು ಬಿಡುವಷ್ಟರಲ್ಲಿ ಮತ್ತೆ ಹೇಳಿದರು: "ಆದ್ರೆ ಒಬ್ಬರ ಫೋಟೋ ಅವರ ಒಪ್ಪಿಗೆ ಇಲ್ಲದೆ ಹಾಕೋ ಹಾಗಿಲ್ಲ. ಈಯಮ್ಮ ಸಹಿ ಮಾಡಬೇಕು. ಇಲ್ಲದಿದ್ರೆ ಇವತ್ತೇ ಚಿತ್ರ ತೆಗೀಬೇಕು, ಮತ್ತೆ ಅಕ್ಷರ ಬರಬೇಕು."

ಎಲ್ಲರೂ ಅಕ್ಕನ ಕಡೆ ನೋಡಿದರು. ಬಾಗಿಲಲ್ಲಿ ಇಡೀ ಪ್ಯಾಕಿಂಗ್ ವಿಭಾಗ ನೆರೆದಿತ್ತು. ಮ್ಯಾನೇಜರು ಕಾಗದ ತಂದರು. ದೊಡ್ಡಣ್ಣ ಮಾತ್ರ ನೆಲ ನೋಡುತ್ತಾ ಹೇಳಿದ: "ಅಮ್ಮಾ, ನಿಮಗೆ ಇಷ್ಟ ಇಲ್ಲದಿದ್ರೆ ಬೇಡ. ಹೆಣ್ಣುಮಕ್ಕಳ ಮುಖ ಇಟ್ಕೊಂಡು ನಾನು ದುಡಿಯೋದು ಸರಿಯಲ್ಲ. ನಿಮ್ಮದು ಅಂತ ಗೊತ್ತಿದ್ರೆ ನಾನು ಮುಟ್ತಿರಲಿಲ್ಲ."

ಅಕ್ಕ ಕಾಗದ ಹಿಡಿದುಕೊಂಡು, "ನಾಲ್ಕೂ ತೋರಿಸಿ," ಎಂದಳು.

ಭಾವ ಒಂದೊಂದಾಗಿ ತೋರಿಸಿದರು. ನಗುತ್ತಿರುವುದರ ಮುಂದೆ ಅವಳು ತಡೆದಳು. "ಇದು ಯಾವಾಗಿಂದು? ಇಷ್ಟು ನಗೋಕೆ ಏನಾಗಿತ್ತು ನನಗೆ?"

"ನಾನು ಸ್ಟೂಲಿಂದ ಬಿದ್ದಿದ್ದೆ," ಎಂದರು ಭಾವ. "ಬಿದ್ದ ಕಡೆಯಿಂದಲೇ ತೆಗೆದೆ. ನೀನು ಬಹಳ ಚೆನ್ನಾಗಿ ಕಾಣ್ತಿದ್ದೆ."

ಪ್ಯಾಕಿಂಗ್ ವಿಭಾಗದಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಕ್ಕ ಸಹಿ ಮಾಡಲು ಪೆನ್ನು ತೆಗೆದುಕೊಂಡವಳು ಮತ್ತೆ ನಿಂತಳು. "ಈ ಹುಬ್ಬು ಗಂಟಿಕ್ಕಿದ್ದು ಮಾತ್ರ ಬೇಡ. ಅದು ಕೋಪ ಅಲ್ಲ. ಅವತ್ತು ನನಗೆ ಹಲ್ಲುನೋವಿತ್ತು."

ಭಾವನ ಬಾಯಿ ತೆರೆದುಕೊಂಡಿತು. "ಹಲ್ಲುನೋವಾ? ಅವತ್ತು ನಾನು ಸಂಜೆವರೆಗೂ ಕ್ಷಮೆ ಕೇಳಿದ್ದೆನಲ್ಲೇ."

"ಕೇಳಿದ್ದು ಒಳ್ಳೇದೇ ಆಯ್ತು," ಎಂದಳು ಅಕ್ಕ. "ತಪ್ಪು ಚಿತ್ರ ಇಟ್ಕೊಂಡು ಇವರು ಮೋಸ ಹೋಗಬಾರದು. ಸರಿಯಾದ್ದು ಈಗಲೇ ತೆಗೀರಿ."

ಸಹಿ ಮಾಡಿ, ಡಬ್ಬಿ ನನ್ನ ಕೈಗೆ ಕೊಟ್ಟು, ಬೂದು ಗೋಡೆಯ ಮುಂದೆ ನೆಟ್ಟಗೆ ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಅವಳು ತಾನಾಗಿ ಫೋಟೋಗೆ ನಿಂತದ್ದು ಅದೇ ಮೊದಲು. ಭಾವ ಫೋನು ಎತ್ತಿದರು. ಅಕ್ಕ ಹುಬ್ಬು ಗಂಟಿಕ್ಕಿದಳು. ಭಾವ ಗಾಬರಿಯಲ್ಲಿ ಫೋನನ್ನು ತಿರುವುಮುರುವಾಗಿ ಹಿಡಿದು ತಮ್ಮದೇ ಮೂಗಿನ ಫೋಟೋ ತೆಗೆದರು. ಅಕ್ಕನ ತುಟಿ ಅಲುಗಿತು. ಬಿಗಿದಳು. ಎರಡನೇ ಸಲ ಭಾವ ಹಿಂದೆ ಸರಿಯುತ್ತಾ ಸರಿಯುತ್ತಾ ಅಧಿಕಾರಿಯ ಕಾಲು ತುಳಿದರು. ಮೂರನೇ ಸಲ ಏನೂ ಆಗಲಿಲ್ಲ, ಭಾವ ಬರೀ ಅವಳನ್ನು ನೋಡಿದರು ಅಷ್ಟೇ. ಅವಳು ತಡೆಯಲಾರದೆ ಬಾಯಿಗೆ ಸೆರಗು ಹಿಡಿದು, ಅದೂ ಸಾಲದೆ ಗೋಡೆಗೆ ಕೈ ಕೊಟ್ಟು ನಗತೊಡಗಿದಳು. ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಆ ನಗು ನೋಡಿ ನನಗೂ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದೇಕೆ.

ದೊಡ್ಡಣ್ಣ ಟವೆಲನ್ನು ಕತ್ತಿಗೆ ಹಾಕಿಕೊಂಡ. ಅಕ್ಕನ ಮುಖ ನೋಡಿದ, ನಿಂತಿದ್ದ ಮಿಕ್ಸರನ್ನು ನೋಡಿದ.

"ಅಮ್ಮನ ನಗು ಮಿಕ್ಸರ್ ಓಡ್ತಿದೆ ಅನ್ನುತ್ತೆ, ಇದು ನೋಡಿದ್ರೆ ನಿಂತಿದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹಸಿರು ಗುಂಡಿ ಒತ್ತಿದ.